ಮೃದುಚಿಪ್ಪಿನ ಹೊಳೆಯಾಮೆ

ಆಮೆ ಎಂದೊಡನೆ ತಲೆ, ಕಾಲುಗಳನ್ನು ಗಟ್ಟಿ ಚಿಪ್ಪಿನೊಳಕ್ಕೆ ಎಳೆದುಕೊಂಡು ಕಲ್ಲಿನಂತೆ ಕುಳಿತ ಪ್ರಾಣಿ ನಮ್ಮ ಕಣ್ಣಮುಂದೆ ನಿಲ್ಲುತ್ತದೆ. ಇಂದ್ರಿಯಗಳನ್ನು ಗೆದ್ದ ಸ್ಥಿತಪ್ರಜ್ಞನನ್ನು ಭಗವದ್ಗೀತೆಯು ಆಮೆಗೆ ಹೋಲಿಸಿದೆ. ಆದರೆ ಈ ಹೋಲಿಕೆಗೆ ಪೂರ್ತಿಯಾಗಿ ಒಗ್ಗದ ಆಮೆಯೊಂದು ನಮ್ಮ ನಾಡಿನ ನದಿಗಳಲ್ಲಿ ಉಂಟು. ಅದೇ ಮೃದುಚಿಪ್ಪಿನ ಹೊಳೆಯಾಮೆ.

ಹೆಗ್ಗದ್ದೆಯೇ ಮೊದಲಾದ ಊರುಗಳಿರುವ ಸಕಲೇಶಪುರ, ಆಲೂರು ಸೀಮೆಯ ಗುಡ್ಡಗಳಲ್ಲಿ ಸುರಿದ ಮಳೆಯ ಒಂದು ಪಾಲು ಪಶ್ಚಿಮಕ್ಕಿಳಿದು ಕಡಲನ್ನು ಸೇರುತ್ತದೆ. ಮತ್ತೊಂದು ಪಾಲು ಹೇಮಾವತಿಯೊಡನೆ ಗೊರೂರಿನ ಮಾರ್ಗವಾಗಿ ಹರಿದು ಕಾವೇರಿಯಲ್ಲಿ ಬೆರೆಯುತ್ತದೆ. ಕಾವೇರಿ, ತುಂಗಭದ್ರಾ ಮೊದಲಾದ ಪರ್ಯಾಯ ದ್ವೀಪದ ನದಿಗಳೇ ಈ ಆಮೆಯ ತವರು. ಪ್ರಪಂಚದ ಬೇರೆಡೆಗಳಲ್ಲಿ ಇದು ಸಹಜವಾಗಿ ವಾಸಿಸುವುದಿಲ್ಲ. 1872ರಲ್ಲಿ ಇಂಗ್ಲೆಂಡಿನ ಪ್ರಾಣಿಶಾಸ್ತ್ರಜ್ಞ ಜಾನ್ ಎಡ್ವರ್ಡ್ ಗ್ರೇ ಇದನ್ನು ಶಾಸ್ತ್ರೀಯವಾಗಿ ವರ್ಣಿಸಿ, ಲೀಥ್ ಎಂಬುವರ ಹೆಸರನ್ನು ಇದಕ್ಕಿಟ್ಟರು.

ಇತರ ಆಮೆಗಳ ಚಿಪ್ಪಿನ ಮೇಲೆ ಕಾಣುವ ಗಟ್ಟಿ ಹಲ್ಲೆಗಳು ಇದಕ್ಕಿಲ್ಲ. ಪಕ್ಕೆಲುಬು, ಬೆನ್ನೆಲುಬುಗಳು ಕೂಡಿ ಆದ ಮೂಳೆಯ ಗೂಡನ್ನು ತೊಗಲಿನಂಥ ಚರ್ಮ ಹೊದ್ದಿರುತ್ತದೆ, ಅಂಚುಗಳು ಮೆತ್ತಗಿರುತ್ತವೆ. ಚಪ್ಪಟೆ ಮೈಯೂ ಜಾಲಪಾದಗಳೂ ಈಜಿಗೆ ಅನುಕೂಲ. ಅಪಾಯ ಬಂದಾಗ ವೇಗವಾಗಿ ಈಜುವುದು, ಮರಳಿನಲ್ಲಿ ಹುದುಗುವುದು, ಅನಿವಾರ್ಯವಾದರೆ ಬಲವಾಗಿ ಕಚ್ಚುವುದು, ಇವೇ ಇದರ ರಕ್ಷಣೋಪಾಯಗಳು. ಹುದುಗಿದಲ್ಲಿಂದಲೇ ಉದ್ದನೆಯ ಕತ್ತನ್ನು ಚಾಚಿ, ಕೊಳವೆಯಂಥ ಮೂತಿಯ ತುದಿಯನ್ನಷ್ಟೇ ನೀರಿನ ಮೇಲೆತ್ತಿ ಇದು ಉಸಿರಾಡಬಲ್ಲದು. ಗಂಟಲಿನ ಒಳಪೊರೆ ಮತ್ತು ಚರ್ಮಗಳ ಮೂಲಕ ನೀರಿನಲ್ಲಿ ಕರಗಿದ ಆಮ್ಲಜನಕವನ್ನೂ ಸ್ವಲ್ಪಮಟ್ಟಿಗೆ ಹೀರಿಕೊಳ್ಳುತ್ತದೆ. ಮೀನು, ಏಡಿ, ಬಸವನಹುಳುಗಳು ಇದರ ಆಹಾರ. ಮೃದುಚಿಪ್ಪಿನ ಆಮೆಗಳು ಸತ್ತ ಜೀವಿಗಳನ್ನೂ ತಿಂದು ನದಿಯನ್ನು ಶುಚಿಗೊಳಿಸುತ್ತವೆ.

ನೀರಿನಲ್ಲಿಯೇ ಬಾಳುವ ಈ ಪ್ರಾಣಿ ಮೊಟ್ಟೆಯಿಡಲು ಮಾತ್ರ ದಡಕ್ಕೆ ಬರಲೇಬೇಕು. ಹೆಣ್ಣು ಗುಂಡಿ ತೋಡಿ, ಮೊಟ್ಟೆಯಿಟ್ಟು, ಮುಚ್ಚಿ ಹೊರಟುಹೋಗುತ್ತದೆ. ಬಿಸಿಲಿನ ಕಾವೇ ಅವನ್ನು ಪೋಷಿಸುತ್ತದೆ. ಮುಂಗುಸಿ, ಉಡ, ನರಿಗಳ ಬಾಯಿಗೆ ಬೀಳದೆ ಬದುಕುವ ಮರಿಗಳು ಕೆಲವೇ. ಅವು ಪ್ರಾಯಕ್ಕೆ ಬರಲು ಹಲವು ವರ್ಷಗಳು ಬೇಕು. ಈ ನಷ್ಟವನ್ನು ತುಂಬಿಕೊಡಲೆಂದೇ ಬೆಳೆದ ಆಮೆ ದೀರ್ಘಕಾಲ ಬದುಕಿ ಮತ್ತೆ ಮತ್ತೆ ಮೊಟ್ಟೆಯಿಡಬೇಕು. ಆದುದರಿಂದ ಮಾಂಸಕ್ಕಾಗಿ ಒಂದು ಹೆಣ್ಣಾಮೆಯನ್ನು ಕೊಂದರೆ ಮುಂದೆ ಹುಟ್ಟಬೇಕಾದ ಹಲವು ತಲೆಗಳನ್ನು ಅಳಿಸಿದಂತಾಗುತ್ತದೆ. ದಡದ ಮರಳನ್ನು ಬಾಚಿ ಸಾಗಿಸಿದರೆ ಅದರ ಹೆರಿಗೆಮನೆಯನ್ನೇ ಕಿತ್ತಂತಾಗುತ್ತದೆ.

ಇಂದು ಈ ಆಮೆಯು ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಇದನ್ನು ಬೇಟೆಯಾಡುವುದು ಅಪರಾಧ. 2022ರಲ್ಲಿ ಪನಾಮಾ ದೇಶದಲ್ಲಿ ನಡೆದ ಅಂತಾರಾಷ್ಟ್ರೀಯ ಸಮ್ಮೇಳನವು ಭಾರತದ ಸಲಹೆಯನ್ನು ಒಪ್ಪಿ, ಇದರ ವ್ಯಾಪಾರಕ್ಕೆ ಅತಿ ಕಟ್ಟುನಿಟ್ಟಿನ ನಿರ್ಬಂಧ ವಿಧಿಸಿತು. ಕಾಯಿದೆಗಳು ಕೊಲ್ಲುವ ಕೈಯನ್ನು ತಡೆಯಬಲ್ಲವು. ಆದರೆ ಆಮೆಯ ವಂಶ ಉಳಿಯಬೇಕಾದರೆ ನದಿಯಲ್ಲಿ ನೀರಿನಂತೆ ದಡದಲ್ಲಿ ಮರಳೂ ಉಳಿಯಬೇಕು.