ಅರ್ಧ ಟಿಕೆಟ್ಟಿನ ದಿನಗಳು

ನಿಮ್ಮ ಮನೆಯಲ್ಲೂ ಇಂಥದೊಂದು ಡಬ್ಬಿ ಇದ್ದೇ ಇರುತ್ತದೆ. ಬಿಸ್ಕತ್ತು ಮುಗಿದ ಮೇಲೂ ಬಿಸಾಡಲು ಮನಸ್ಸು ಬಾರದೆ ಉಳಿಸಿಕೊಂಡ ತಗಡಿನ ಡಬ್ಬಿ. ಕೆಲವರ ಮನೆಯಲ್ಲಿ ಅದರೊಳಗೆ ಸೂಜಿ, ದಾರ, ಗುಂಡಿ. ನಮ್ಮ ಮನೆಯದರಲ್ಲಿ ಹಳೆಯ ಟಿಕೆಟ್ಟುಗಳು!

ನಗಬೇಡಿ. ಮಕ್ಕಳು ಚಿಕ್ಕವರಿದ್ದಾಗ ಪ್ರತಿ ಪ್ರಯಾಣ ಮುಗಿದ ಮೇಲೂ ಟಿಕೆಟ್ಟಿಗಾಗಿ ಜಗಳವಾಡುತ್ತಿದ್ದರು. ಜಗಳ ಬೇಡ ಎಂದು ಡಬ್ಬಿಗೆ ಹಾಕುವ ಅಭ್ಯಾಸ ಮಾಡಿದೆ. ಮಕ್ಕಳು ದೊಡ್ಡವರಾಗಿ ಹೋದರು, ಡಬ್ಬಿ ನನಗುಳಿಯಿತು. ಮೊನ್ನೆ ಅಟ್ಟ ಸ್ವಚ್ಛ ಮಾಡುವಾಗ ಅದು ಸಿಕ್ಕಿತು. ಮಾಡುತ್ತಿದ್ದ ಕೆಲಸ ಅಲ್ಲಿಗೇ ನಿಂತಿತೆಂದು ಬೇರೆ ಹೇಳಬೇಕೇ? ರಟ್ಟಿನ ರೈಲು ಟಿಕೆಟ್ಟು, ಕಂಡಕ್ಟರು ತೂತು ಹೊಡೆದ ತೆಳು ಕಾಗದದ ಬಸ್ ಟಿಕೆಟ್ಟು, ಎಲ್ಲದರ ಅಕ್ಷರ ಇನ್ನೂ ಓದಲು ಬರುತ್ತದೆ. ಈಚೆಗೆ ಮಿಷನ್ನಿನಲ್ಲಿ ಕೊಡುವ ಟಿಕೆಟ್ಟುಗಳು ಮಾತ್ರ ಆರು ತಿಂಗಳಿಗೇ ಬೆಳ್ಳಗಾಗಿ ಕೂತಿವೆ.

ಅವುಗಳ ನಡುವೆ ಒಂದು ಅರ್ಧ ಟಿಕೆಟ್ಟು ಇತ್ತು. 2000ನೇ ಇಸವಿಯ ಮೇ ತಿಂಗಳದು. ಅದರ ಕತೆ ಹೇಳುತ್ತೇನೆ. ಹೇಳಿಕೊಳ್ಳುವಂಥ ಕತೆಯೇನಲ್ಲ, ಆದರೂ ಹೇಳುತ್ತೇನೆ.

ಹುಟ್ಟುಹಬ್ಬವೆಲ್ಲ ಅಜ್ಜಿಮನೆಯಲ್ಲಿ

ನಾವಿರುವುದು ಮೈಸೂರಿನಲ್ಲಿ. ನನ್ನ ತವರು ಸಾಗರದಾಚೆ, ಶರಾವತಿ ಹಿನ್ನೀರಿನ ಆ ದಡದಲ್ಲಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತ ಮೇಲೆ ನಮ್ಮ ಕಡೆಯ ಊರುಗಳು ಒಂದು ರೀತಿಯಲ್ಲಿ ದ್ವೀಪವೇ ಆದವು. ಸಾಗರದಿಂದ ಹೊಳೆಬಾಗಿಲಿಗೆ ಬಂದು, ಲಾಂಚಿನಲ್ಲಿ ದಾಟಬೇಕು. ಆ ಲಾಂಚೋ, ಜನ, ದನ, ಜೀಪು, ಕೊನೆಗೆ ಬಸ್ಸನ್ನೂ ಹೊತ್ತುಕೊಂಡು ಬರುತ್ತಿತ್ತು. ಮಕ್ಕಳಿಗೆ ಅದಕ್ಕಿಂತ ದೊಡ್ಡ ಸಂಭ್ರಮ ಬೇರೆ ಇರಲಿಲ್ಲ.

ನನ್ನ ಮಗ ಹುಟ್ಟಿದ್ದು ಮೇ ತಿಂಗಳಲ್ಲಿ. ಶಾಲೆಗೆ ರಜೆ. ಹಾಗಾಗಿ ಅವನು ಒಂದು ವರ್ಷವೂ ಕ್ಲಾಸಿನಲ್ಲಿ ಚಾಕೊಲೇಟು ಹಂಚಲಿಲ್ಲ. ಅವನ ಹುಟ್ಟುಹಬ್ಬವೆಂದರೆ ಅಜ್ಜಿಮನೆಯಲ್ಲೇ. ಅದೂ ಎರಡೆರಡು! ತಾರೀಖಿನ ಪ್ರಕಾರ ನಾನು ಮಾಡುವುದು ಒಂದು, ಪಂಚಾಂಗ ನೋಡಿ ನನ್ನ ಆಯಿ ಮಾಡುವುದು ಇನ್ನೊಂದು. ಆಯಿಯದರಲ್ಲಿ ಬೆಳಿಗ್ಗೆ ಎಣ್ಣೆ ಸ್ನಾನ, ಅರಿಶಿನ ಸುಣ್ಣದ ಕೆಂಪು ನೀರಿನ ಆರತಿ, ಪಾಯಸ. "ದೀಪ ಆರಿಸಿ ಹುಟ್ಟುಹಬ್ಬ ಮಾಡ್ತಾರಂತೆ ಪೇಟೆಯಲ್ಲಿ, ನಾವು ಹಚ್ಚಿ ಮಾಡ್ತೇವೆ" ಎನ್ನುತ್ತಿದ್ದಳು.

ತಿಥಿ ಮತ್ತು ತಾರೀಖು ಸುಮಾರು 19 ವರ್ಷಕ್ಕೊಮ್ಮೆ ಮತ್ತೆ ಒಂದೇ ಕಡೆ ಬಂದು ಸೇರುತ್ತವೆ. ಮಗ 5 ವರ್ಷದವನಿದ್ದಾಗಲೇ ಆಯಿ ಹೇಳಿದ್ದಳು, "ಮಾಣಿಗೆ ಹತ್ತೊಂಬತ್ತು ತುಂಬುವಾಗ ಎರಡೂ ಒಂದೇ ದಿನ. ಆವತ್ತು ದೊಡ್ಡದಾಗಿ ಮಾಡೋಣ." 2007ರಲ್ಲಿ ಆ ದಿನ ಬಂತು. ಮಗ ಹಾಸ್ಟೆಲಿನಲ್ಲಿದ್ದ, ಪರೀಕ್ಷೆ ಇತ್ತು. ಆಯಿ ಪಾಯಸ ಮಾಡಿ, ಕೆಲಸಕ್ಕೆ ಬಂದವರಿಗೆಲ್ಲ ಬಡಿಸಿ, ಸಂಜೆ ಫೋನಿನಲ್ಲಿ, "ಅವನ ಪಾಲಿನದು ನಾನೇ ತಿಂದೆ" ಎಂದಳು. ನಾವು ಹಾಕಿದ ಲೆಕ್ಕ ಪಂಚಾಂಗದಲ್ಲಿ ಸರಿಯಾಗಿಯೇ ಬರುತ್ತದೆ, ಮಕ್ಕಳು ಮಾತ್ರ ಬರುವುದಿಲ್ಲ!

ಆರತಿ ಸುಳ್ಳಾ, ಟಿಕೆಟ್ ಸುಳ್ಳಾ?

ಈಗ ಅರ್ಧ ಟಿಕೆಟ್ಟಿನ ವಿಷಯಕ್ಕೆ ಬರುತ್ತೇನೆ.

ಮಗುವಿನ ವಯಸ್ಸನ್ನು ನಮಗಿಂತ ಚೆನ್ನಾಗಿ ಬಲ್ಲವರು ರೈಲು ಬಸ್ಸಿನವರು. ರೈಲಿನಲ್ಲಿ ಐದು ತುಂಬುವ ತನಕ ಟಿಕೆಟ್ಟಿಲ್ಲ, ಹನ್ನೆರಡರ ತನಕ ಅರ್ಧ (ಈಗ ಮಗುವಿಗೆ ಬೇರೆ ಬರ್ತ್ ಬೇಕೆಂದರೆ ಪೂರ್ತಿ ಕೊಡಬೇಕು, 2016ರಿಂದ ಹಾಗಾಗಿದೆ). ಬಸ್ಸಿನಲ್ಲೂ ಹನ್ನೆರಡು ತುಂಬಿದ ಮೇಲೆ ಪೂರ್ತಿ. ತೊಡೆಯ ಮೇಲಿನ ಕೂಸು, ಕಿಟಕಿಗಾಗಿ ಅಳುವ ಅರ್ಧ ಟಿಕೆಟ್ಟು, ಆಮೇಲೆ ತನ್ನ ಪಾಡಿಗೆ ತಾನು ಕೂರುವ ಪೂರ್ತಿ ಟಿಕೆಟ್ಟು. ಹನ್ನೆರಡು ವರ್ಷ ಇಷ್ಟರಲ್ಲೇ ಮುಗಿಯುತ್ತದೆ.

2000ದ ಮೇ ತಿಂಗಳಲ್ಲಿ ಮಗನಿಗೆ ಹನ್ನೆರಡು ತುಂಬಿತು. ಆಯಿ ಆರತಿ ಮಾಡಿದಳು. ಮಾರನೆಯ ದಿನ ನಾವು ಹೊರಟೆವು. ಅಪ್ಪಯ್ಯ ಎಂದಿನಂತೆ ಲಾಂಚು ಆಚೆ ದಡ ಮುಟ್ಟುವ ತನಕ ಹೆಗಲ ಮೇಲೆ ಟವೆಲು ಹಾಕಿಕೊಂಡು ನಿಂತೇ ಇದ್ದರು. ಸಾಗರದಲ್ಲಿ ಮೈಸೂರಿನ ಬಸ್ಸು ಹತ್ತಿದ ಕೂಡಲೇ ನಾನು ಮಗನ ಕಿವಿಯಲ್ಲಿ ಹೇಳಿದೆ, "ಕೇಳಿದರೆ ಹನ್ನೊಂದು ಅನ್ನು."

ಯಾಕೆ ಹೇಳಿದೆ? ನಿಮಗೆ ಗೊತ್ತಿಲ್ಲದ್ದೇನಲ್ಲ. ಮೇ ತಿಂಗಳ ಕೊನೆ. ಇಬ್ಬರು ಮಕ್ಕಳ ಫೀಸು, ಪುಸ್ತಕ, ಸಮವಸ್ತ್ರ. ನಮ್ಮವರದೊಂದೇ ಸಂಬಳ. ಉಳಿದದ್ದು ನೂರು ರೂಪಾಯಿಯೂ ಅಲ್ಲ. ಅಷ್ಟರಲ್ಲಿ ಒಂದು ಜೊತೆ ಕಾಲುಚೀಲವೂ ಎರಡು ನೋಟು ಪುಸ್ತಕವೂ ಬರುತ್ತವೆ ಎಂದು ಲೆಕ್ಕ ಹಾಕಿದ್ದೆ.

ಕಂಡಕ್ಟರು ಕೇಳಿದರು, "ಎಷ್ಟು ವಯಸ್ಸು ಮರಿ?" ಮಗ ನನ್ನ ಮುಖ ನೋಡಿದ. "ಹನ್ನೊಂದು" ಅಂದ. ಅರ್ಧ ಟಿಕೆಟ್ಟು ಬಂತು.

ಶಿವಮೊಗ್ಗ, ತರೀಕೆರೆ ದಾಟಿದರೂ ಹುಡುಗ ಮಾತಾಡಲಿಲ್ಲ. ಮೊಸರನ್ನ ಕೊಟ್ಟೆ, ಬೇಡ ಅಂದ. ಕಡೂರಿನ ಹತ್ತಿರ ಮೆಲ್ಲಗೆ ಕೇಳಿದ, "ಅಮ್ಮಾ, ನಿನ್ನೆ ನಂಗೆ ಹನ್ನೆರಡಾಯ್ತು ಅಂತ ಅಮ್ಮಮ್ಮ ಆರತಿ ಮಾಡಿದ್ಲು. ಇವತ್ತು ಹನ್ನೊಂದು ಅಂದ್ರೆ... ಆರತಿ ಸುಳ್ಳಾ, ಟಿಕೆಟ್ ಸುಳ್ಳಾ?"

ನಾನೇನು ಹೇಳಿದೆ ಗೊತ್ತೇ? "ಸುಮ್ನೆ ಕೂತ್ಕೋ, ದೊಡ್ಡೋರ ಹಾಗೆ ಮಾತಾಡ್ಬೇಡ" ಅಂದೆ. ಹಿಂದಿನ ದಿನವಷ್ಟೇ "ಇನ್ನು ನೀನು ದೊಡ್ಡವನಾದೆ" ಎಂದು ತಲೆ ಸವರಿದ್ದವಳೂ ನಾನೇ.

ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಮುಗಿದಿರಲಿಲ್ಲ. ಆ ವರ್ಷ ಮಧ್ಯಾವಧಿ ಪರೀಕ್ಷೆಯಲ್ಲಿ ಗಣಿತದಲ್ಲಿ ಕಡಿಮೆ ಅಂಕ ಬಂದು, ಉತ್ತರಪತ್ರಿಕೆಯನ್ನು ಹಾಸಿಗೆಯ ಕೆಳಗೆ ಬಚ್ಚಿಟ್ಟ. ಸಿಕ್ಕಿತು. "ಯಾಕೋ ಸುಳ್ಳು ಹೇಳಿದೆ?" ಎಂದು ಕೈ ಎತ್ತಿದೆ. ಅವನು ಅಳಲಿಲ್ಲ, ಎದುರು ಮಾತೂ ಆಡಲಿಲ್ಲ. "ಎಲ್ಲಾ ಕಡೆ ನಿಜ ಹೇಳೋಕಾಗಲ್ಲ ಅಲ್ವಾ ಅಮ್ಮ?" ಅಂದ, ಅಷ್ಟೆ.

ಎತ್ತಿದ ಕೈ ಹಾಗೇ ಇಳಿಯಿತು. ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಅವನು ಹಾಲು ಕುಡಿಯುವಾಗ ಹೇಳಿದೆ, "ಬಸ್ಸಿನಲ್ಲಿ ನಾನು ಮಾಡಿದ್ದು ತಪ್ಪು ಕಣೋ. ಟಿಕೆಟ್ಟೇ ಸುಳ್ಳು. ಆರತಿ ನಿಜ." ಅವನು ಲೋಟ ಕೆಳಗಿಡದೆ ಸುಮ್ಮನೆ ತಲೆಯಾಡಿಸಿದ. ಸೋದರಿಯರೇ, ಮಕ್ಕಳ ಎದುರು ತಪ್ಪು ಒಪ್ಪಿಕೊಂಡರೆ ಸದರವಾಗುತ್ತಾರೆ ಎನ್ನುತ್ತಾರಲ್ಲ, ನನಗಂತೂ ಹಾಗಾಗಲಿಲ್ಲ. ಮುಂದಿನ ಉತ್ತರಪತ್ರಿಕೆ, ಅದರಲ್ಲೂ ಅಂಕ ಕಡಿಮೆಯೇ, ತಾನಾಗಿ ತಂದು ಅಡಿಗೆಮನೆಯ ಕಟ್ಟೆಯ ಮೇಲಿಟ್ಟ.

ಹತ್ತು ಹೆಜ್ಜೆ ಹಿಂದೆ

ಮಗಳ ಕತೆಯೇ ಬೇರೆ. ಅವಳು ಮೂರೂವರೆ ವರ್ಷ ಚಿಕ್ಕವಳು. ಬಸ್ಸು ಹತ್ತಿದರೆ ಸಾಕು, ಹೊಟ್ಟೆ ತೊಳಸುತ್ತಿತ್ತು. ಕೈಯಲ್ಲೊಂದು ನಿಂಬೆಹಣ್ಣು ಹಿಡಿದು ಮೂಸುತ್ತಾ, ನನ್ನ ಸೆರಗಿನೊಳಗೆ ಮುಖ ಹುದುಗಿಸಿ ಊರು ಮುಟ್ಟುವವಳು. ಹದಿಮೂರು ತುಂಬಿದ ವರ್ಷ ಜೋಗಕ್ಕೆ ಹೋದೆವು. ಮಳೆಗಾಲ. ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ತುಂಬಿ 253 ಮೀಟರ್ ಕೆಳಕ್ಕೆ ಬೀಳುತ್ತಿದ್ದವು. ಮಗಳ ಕೈ ಹಿಡಿಯಹೋದೆ. ಮೆಲ್ಲಗೆ ಬಿಡಿಸಿಕೊಂಡಳು. ಆ ದಿನವಿಡೀ ನಮ್ಮಿಂದ ಹತ್ತು ಹೆಜ್ಜೆ ಹಿಂದೆಯೇ ನಡೆದಳು, ನಾವು ಯಾರೋ ಎನ್ನುವ ಹಾಗೆ.

ನನಗೆ ಜಲಪಾತ ಕಾಣಿಸಲೇ ಇಲ್ಲ. ಊಟಕ್ಕೆ ಕೂತಾಗಲೂ ಮುಖ ಊದಿಸಿಕೊಂಡಿದ್ದೆ. ನಮ್ಮವರು ಹೇಳಿದರು, "ಹಿಂದೆ ಬರ್ತಿದ್ದಾಳೆ ತಾನೇ? ಬಿಡು." ಆ ಮಾತು ನನಗೆ ಎಷ್ಟೋ ವರ್ಷ ಬಳಕೆಗೆ ಬಂತು. ಮಕ್ಕಳು ಹತ್ತು ಹೆಜ್ಜೆ ಹಿಂದೆ ನಡೆದರೆ ಜಗ್ಗಬೇಡಿ. ಒಮ್ಮೊಮ್ಮೆ ತಿರುಗಿ ನೋಡಿ, ಸಾಕು. ಮುಂದೆ ಅವರು ನೂರು ಹೆಜ್ಜೆ ಮುಂದೆ ಹೋದಾಗ ನಮ್ಮನ್ನು ತಿರುಗಿ ನೋಡುವುದನ್ನು ಅಲ್ಲೇ ಕಲಿತಿರುತ್ತಾರೆ.

ಈಗ ನಮ್ಮಿಬ್ಬರ ರೈಲು ಟಿಕೆಟ್ಟು ಮಾಡಿಸುವವಳು ಅವಳೇ. ಬೆಂಗಳೂರಿನಿಂದ ಫೋನು ಮಾಡಿ, "ಅಮ್ಮ, ವಯಸ್ಸು ಯಾವುದು ಹಾಕ್ಲಿ? ನಿಜದ್ದಾ, ಶಾಲೆಯದ್ದಾ?" ಎಂದು ಕೀಟಲೆ ಮಾಡುತ್ತಾಳೆ. ನಮ್ಮ ಕಾಲದ ಎಷ್ಟೋ ಮಂದಿಯ ಹಾಗೆ ನನ್ನದೂ ಜೂನ್ 1. ಮೇಷ್ಟ್ರು ಬರೆದುಕೊಂಡದ್ದು. ಆಯಿಗೆ ನೆನಪಿದ್ದದ್ದು, "ಚೌತಿ ಹಬ್ಬಕ್ಕೆ ಎರಡು ದಿನ ಇತ್ತು, ಜಡಿಮಳೆ" ಅಂತ ಅಷ್ಟೆ.

ಆ ಶಾಲೆಯ ಲೆಕ್ಕದಲ್ಲೇ 2020ರ ಜೂನ್ 1ಕ್ಕೆ ನನಗೆ 58 ತುಂಬಿತು. ರೈಲಿನಲ್ಲಿ 58 ತುಂಬಿದ ಹೆಂಗಸರಿಗೆ ಅರ್ಧ ದರ ಇತ್ತಲ್ಲ, ಅದನ್ನು ಅದೇ ವರ್ಷದ ಮಾರ್ಚಿಯಲ್ಲಿ ನಿಲ್ಲಿಸಿಬಿಟ್ಟರು. ಎರಡೂವರೆ ತಿಂಗಳಲ್ಲಿ ತಪ್ಪಿತು! "ನೀನು ಆವತ್ತು ಉಳಿಸಿದ ಅರ್ಧ ಟಿಕೆಟ್ಟಿಗೆ ಈಗ ಸರಿಹೋಯ್ತು" ಎಂದು ನಮ್ಮವರು ನಕ್ಕರು.

ಬುತ್ತಿಯ ಮಾತು

ಪ್ರಯಾಣ ಅಂದ ಮೇಲೆ ಬುತ್ತಿಯ ಮಾತು ಬಾರದೆ ಇರುತ್ತದೆಯೇ? ಆಯಿ ಕಲಿಸಿದ ಮೊಸರನ್ನ ಹೇಳಿಬಿಡುತ್ತೇನೆ. ಒಂದು ಪಾವು ಅಕ್ಕಿಯ ಅನ್ನ ಮೆತ್ತಗೆ ಮಾಡಿ, ಬಿಸಿಯಿರುವಾಗಲೇ ಸೌಟಿನಿಂದ ಮಸೆಯಿರಿ. ಪೂರ್ತಿ ಆರಿದ ಮೇಲೆ ಕಾಯಿಸಿ ಆರಿಸಿದ ಎರಡು ಲೋಟ ಹಾಲು, ಎರಡೇ ಚಮಚ ಮೊಸರು, ಉಪ್ಪು. ಸಾಸಿವೆ, ಹಸಿಮೆಣಸು, ಶುಂಠಿಯ ಒಗ್ಗರಣೆ. ಬೆಳಿಗ್ಗೆ ಕಲಸಿದರೆ ಮಧ್ಯಾಹ್ನಕ್ಕೆ ಬುತ್ತಿಯಲ್ಲೇ ಹದವಾಗಿ ಹೆಪ್ಪಾಗಿರುತ್ತದೆ, ಹುಳಿ ಬಂದಿರುವುದಿಲ್ಲ. ಬೇಸಿಗೆಯಲ್ಲಿ ಅದಕ್ಕಿಂತ ತಡ ಮಾಡಬೇಡಿ. ನೆಂಚಿಕೊಳ್ಳಲು ಒಂದು ಉಪ್ಪಿನಕಾಯಿ ಮಿಡಿ.

ಶೂನ್ಯ, ಅರ್ಧ, ಪೂರ್ತಿ

2025ರ ದೀಪಾವಳಿಗೆ ಮಗ ಪುಣೆಯಿಂದ ಮೊಮ್ಮಗನನ್ನು ಕರೆದುಕೊಂಡು ಬಂದ. ಸೊಸೆಗೆ ರಜೆ ಸಿಗಲಿಲ್ಲ. ನಮ್ಮ ಮಲೆನಾಡಿನಲ್ಲಿ ಅದು ದೊಡ್ಡಹಬ್ಬ. ತಮ್ಮ ಬರಲೇಬೇಕೆಂದು ಹಟ ಹಿಡಿದಿದ್ದ. ಆಯಿ, ಅಪ್ಪಯ್ಯ ಈಗಿಲ್ಲ. "ಕಾರು ಬೇಡ, ನಾವು ಹೋಗ್ತಿದ್ದ ಹಾಗೇ ಬಸ್ಸಲ್ಲಿ ಹೋಗೋಣ" ಅಂದವನು ಮಗನೇ.

ಕಂಡಕ್ಟರು ಬಂದರು. ನನ್ನದು ಆಧಾರ್ ಕಾರ್ಡು ತೋರಿಸಿ ಶೂನ್ಯ ಟಿಕೆಟ್ಟು, 2023ರ ಜೂನ್‌ನಿಂದ ನಮ್ಮ ರಾಜ್ಯದ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಶಕ್ತಿ ಯೋಜನೆ ಇದೆಯಲ್ಲ. ಮಗನದು ಪೂರ್ತಿ. ಮೊಮ್ಮಗ ಅವನ ತೊಡೆಯ ಮೇಲಿದ್ದ, ಸಣ್ಣ ಆಳು. ಕಂಡಕ್ಟರು ಕೇಳಲೂ ಇಲ್ಲ, ಮುಂದೆ ಹೊರಟರು. ನಾನೇ ಕರೆದೆ. "ಸ್ವಾಮಿ, ಇವನಿಗೆ ಹೋದ ತಿಂಗಳು ಆರು ತುಂಬಿತು. ಅರ್ಧ ಟಿಕೆಟ್ಟು ಕೊಡಿ."

ಮಗ ದುಡ್ಡು ಕೊಟ್ಟ. ಟಿಕೆಟ್ಟನ್ನು ಮೊಮ್ಮಗನ ಕೈಗಿತ್ತ. ಆಮೇಲೆ ಕಿಟಕಿಯ ಕಡೆ ನೋಡುತ್ತಾ ಕೇಳಿದ, "ಇನ್ನೂ ನೆನಪಿದ್ಯಾ ಅಮ್ಮ ನಿಂಗೆ?"

"ನಿಂಗೆ?"

"ಕಡೂರು ಬಂದಾಗೆಲ್ಲ ನೆನಪಾಗತ್ತೆ" ಅಂದ. ಒಂದು ಕ್ಷಣ ತಡೆದು, "ಬೆಳಿಗ್ಗೆ ಹಾಲು ಕುಡಿಯೋವಾಗ ನೀನು ಹೇಳಿದ್ದೂ ನೆನಪಿದೆ" ಎಂದ. ನಾನು ಬುತ್ತಿ ಬಿಚ್ಚುವ ನೆಪದಲ್ಲಿ ತಲೆ ತಗ್ಗಿಸಿದೆ.

ಸಾಗರದಲ್ಲಿ ತಮ್ಮ ಕಾರು ತಂದು ಕಾದಿದ್ದ. ಹೊಳೆಬಾಗಿಲಿನಲ್ಲಿ ಈಗ ಲಾಂಚಿಗೆ ಕಾಯಬೇಕಾಗಿಲ್ಲ. 2025ರ ಜುಲೈ 14ರಂದು ಸೇತುವೆ ಉದ್ಘಾಟನೆಯಾಯಿತು. ಸುಮಾರು ಎರಡೂವರೆ ಕಿಲೋಮೀಟರು, ಕೆಲವೇ ನಿಮಿಷದಲ್ಲಿ ಆಚೆ ದಡ. ಲಾಂಚು ಹೋಯಿತಲ್ಲ ಎಂದು ಕೊರಗುವವಳು ನಾನಲ್ಲ. ರಾತ್ರಿ ಹೆರಿಗೆ ನೋವು ಬಂದವಳನ್ನು ದಾಟಿಸಲಾಗದೆ ದಡದಲ್ಲಿ ಕೂತವರ ಕಷ್ಟ ನನಗೆ ಗೊತ್ತು. ಆ ಸೇತುವೆ ಅರವತ್ತು ವರ್ಷ ತಡವಾಗಿ ಬಂತು. ಆದರೂ ದಾಟುವಾಗ ಕಣ್ಣು ತಾನಾಗಿ ಕೆಳಗಿನ ದಡವನ್ನು ಹುಡುಕಿತು, ಹೆಗಲ ಮೇಲೆ ಟವೆಲು ಹಾಕಿಕೊಂಡು ಯಾರಾದರೂ ನಿಂತಿದ್ದಾರೆಯೇ ಎಂದು.

ಮನೆಗೆ ಮರಳಿದ ಮೇಲೆ ಮೊಮ್ಮಗ ತನ್ನ ಅರ್ಧ ಟಿಕೆಟ್ಟು ತಂದುಕೊಟ್ಟು, "ಅಜ್ಜಿ, ಇದನ್ನೂ ಡಬ್ಬಿಗೆ ಹಾಕು" ಅಂದ. ಮಿಷನ್ ಟಿಕೆಟ್ಟು, ಅಕ್ಷರ ಅಳಿಸಿಹೋಗುತ್ತದೆ. ಅದಕ್ಕೇ ಹಿಂಬದಿಯಲ್ಲಿ ಪೆನ್ನಿನಿಂದ ನಾನೇ ಬರೆದಿಟ್ಟೆ, ತಾರೀಖು, ಊರು, "ಆರು ವರ್ಷ" ಅಂತ.

ನಿಮ್ಮ ಡಬ್ಬಿಯಲ್ಲೂ ಇಂಥದೊಂದು ಟಿಕೆಟ್ಟು ಇದ್ದೀತು. ಇದ್ದರೆ ಎಸೆಯಬೇಡಿ. ಆ ಮಗುವಿಗೆ ಹೇಳಬೇಕಾದ ಮಾತೊಂದು ಉಳಿದಿದ್ದರೆ ಇವತ್ತೇ ಹೇಳಿಬಿಡಿ. ಅದಕ್ಕೆ ಹುಟ್ಟುಹಬ್ಬವೇ ಬರಬೇಕೆಂದೇನೂ ಇಲ್ಲ, ಏನಂತೀರಿ?