ಆಡದೆ ಉಳಿದ ಮಾತು

ಯುದ್ಧವು ಮನಸ್ಸಿಗೆ ಮಾಡಿದ ಗಾಯವನ್ನು ರಂಗದ ಮೇಲೆ ತೋರಿಸುವುದೆಂತು? ತಾವೇ 1917ರಲ್ಲಿ ರಣರಂಗದಲ್ಲಿ ಗಾಯಗೊಂಡಿದ್ದ ಆರ್. ಸಿ. ಷೆರಿಫ್ ಅವರ ‘ಜರ್ನೀಸ್ ಎಂಡ್’ ನಾಟಕವು 1928ರಲ್ಲಿ ಲಂಡನ್ನಿನಲ್ಲಿ ಪ್ರಯೋಗಗೊಂಡಿತು. 1918ರ ಮಾರ್ಚ್ ತಿಂಗಳು, ಫ್ರಾನ್ಸಿನ ರಣರಂಗ. ಕದನವೆಲ್ಲ ಹೊರಗೆ, ನಮ್ಮ ಕಣ್ಣಿಗೆ ಬೀಳುವುದು ಅಧಿಕಾರಿಗಳು ವಾಸಿಸುವ ನೆಲದಡಿಯ ಗುಹೆ ಮಾತ್ರ.

ಶತ್ರುವಿನ ಕಂದಕದ ಮೇಲೆ ಹಾಡಹಗಲಲ್ಲಿ ದಾಳಿಗೆ ಹೊರಡಲು ಇನ್ನು ಕೆಲವೇ ನಿಮಿಷಗಳು. ನಡುವಯಸ್ಸಿನ ಶಾಲಾ ಉಪಾಧ್ಯಾಯ ಆಸ್ಬರ್ನ್, ಆಗತಾನೇ ಶಾಲೆ ಬಿಟ್ಟು ಬಂದ ರಾಲಿ—ಇಬ್ಬರೂ ಆಡುವುದು ಕಾಫಿಯ ಮಾತು, ಇಂಗ್ಲೆಂಡಿನ ನ್ಯೂ ಫಾರೆಸ್ಟ್ ಕಾಡಿನ ಮಾತು. ಏಳುವ ಹೊತ್ತಿಗೆ ಆಸ್ಬರ್ನನಿಗೆ, ಚೆನ್ನಾಗಿ ಹತ್ತಿಕೊಂಡ ಪೈಪನ್ನು ಬಿಟ್ಟು ಹೋಗಬೇಕಲ್ಲ ಎಂಬ ಬೇಸರ! ಅವನು ಹಿಂದಿರುಗುವುದಿಲ್ಲ. ಹಿಂದಿರುಗಿದ ರಾಲಿ ಬಂದು ಕುಳಿತದ್ದು ಅವನ ಹಾಸಿಗೆಯ ಮೇಲೆ. ತುಕಡಿಯ ನಾಯಕ ಸ್ಟಾನ್‌ಹೋಪ್, ವಿಸ್ಕಿಯಿಲ್ಲದೆ ನಿಲ್ಲಲಾರದ ಎಳೆಯ ನಾಯಕ, ಅಲ್ಲಿಯೇ ಕೂರಬೇಕೆ ಎಂದು ಕೇಳುತ್ತಾನೆ, ಅಷ್ಟೆ. ಸತ್ತವನು ಅವನ ಆಪ್ತಮಿತ್ರ.

ಆ ರಾತ್ರಿ ಷಾಂಪೇನ್, ಕೋಳಿ, ನಗು. ಇದನ್ನು ಆಂಗ್ಲರ ಸಂಯಮವೆಂದು ಮೆಚ್ಚುವವರುಂಟು. ನನಗಂತೂ ರೋಗದ ಲಕ್ಷಣವಾಗಿಯೇ ಕಾಣುತ್ತದೆ. ಔತಣಕ್ಕೆ ಬಾರದ ರಾಲಿ ಇವರಿಗೆ ಹೃದಯವೇ ಇಲ್ಲವೆಂದು ಬಗೆದಿದ್ದಾನೆ. ಸಿಡಿದೆದ್ದ ಸ್ಟಾನ್‌ಹೋಪನ ಬಾಯಿಂದ ಆಗ ನಿಜ ಹೊರಬೀಳುತ್ತದೆ: ಕುಡಿದದ್ದು ಮರೆಯುವುದಕ್ಕಾಗಿ.