ಮನೆಬಾಗಿಲಿನ ಸ್ಮಾರ್ಟ್ ಬೀಗ: ನಂಬಿಕೆಯ ಬುಡ ಎಲ್ಲಿದೆ?

ಬೀಗವೊಂದು ವಿಶ್ವಾಸಾರ್ಹವೇ ಎಂದು ನಿರ್ಣಯಿಸಲು ಎರಡು ಪ್ರಶ್ನೆಗಳನ್ನು ಕೇಳಬೇಕಾಗುತ್ತದೆ: ಪರರನ್ನು ಅದು ಹೊರಗೇ ತಡೆಯುತ್ತದೆಯೇ, ಮನೆಯವರು ಬಂದಾಗಲೆಲ್ಲ ತಪ್ಪದೆ ತೆರೆದುಕೊಳ್ಳುತ್ತದೆಯೇ. ಹಳೆಯ ಬೀಗಗಳ ವಿಷಯದಲ್ಲಿ ಎರಡನೆಯ ಪ್ರಶ್ನೆ ಅಷ್ಟಾಗಿ ಏಳುತ್ತಿರಲಿಲ್ಲ, ಏಕೆಂದರೆ ಬೀಗದ ಕೈ ಕಳೆದುಹೋಗದಿದ್ದರೆ ಬಾಗಿಲು ತೆರೆಯುವುದು ಬಹುಮಟ್ಟಿಗೆ ಖಚಿತವಾಗಿತ್ತು. ಬೆರಳಚ್ಚು, ಗುಪ್ತಸಂಖ್ಯೆ ಅಥವಾ ಮೊಬೈಲ್ ಫೋನಿನಿಂದ ತೆರೆಯುವ ಸ್ಮಾರ್ಟ್ ಬೀಗ ಬಂದ ಮೇಲೆ ಈ ಪ್ರಶ್ನೆಗೂ ಮೊದಲನೆಯದರಷ್ಟೇ ತೂಕ ಬಂದಿದೆ.

ಸ್ಮಾರ್ಟ್ ಬೀಗದಲ್ಲಿಯೂ ಬಾಗಿಲನ್ನು ಹಿಡಿದಿಡುವುದು ಚೌಕಟ್ಟಿನ ಕುಳಿಗೆ ಹೊಗುವ ಲೋಹದ ಅಗುಳಿಯೇ. ಬಂದವರನ್ನು ಗುರುತಿಸಿ, ಆ ಅಗುಳಿಯನ್ನು ಸರಿಸುವ ಪುಟ್ಟ ಮೋಟಾರಿಗೆ ಆಜ್ಞೆ ನೀಡುವುದಷ್ಟೇ ಎಲೆಕ್ಟ್ರಾನಿಕ್ ಭಾಗದ ಕೆಲಸ. ಹೆಚ್ಚಿನ ಬೀಗಗಳು ಬ್ಯಾಟರಿಯಿಂದ ನಡೆಯುವುದರಿಂದ ಕರೆಂಟು ಹೋದರೂ ತೊಂದರೆಯಿಲ್ಲ, ಮತ್ತು ಒಮ್ಮೆ ಹಾಕಿದ ಬ್ಯಾಟರಿ ಹಲವು ತಿಂಗಳು ಬಾಳುತ್ತದೆ. ಆದರೆ ಈ ಲೆಕ್ಕ ಬಾಗಿಲು ಸಲೀಸಾಗಿ ಕೂರುವ ತನಕ ಮಾತ್ರ. ಕರಾವಳಿ, ಮಲೆನಾಡುಗಳ ಮಳೆಗಾಲದಲ್ಲಿ ಮರದ ಬಾಗಿಲು ತೇವ ಹೀರಿ ಹಿಗ್ಗಿದಾಗ, ಇಲ್ಲವೇ ಕೀಲು ಸಡಿಲಗೊಂಡು ಬಾಗಿಲು ಕೊಂಚ ಇಳಿದಾಗ, ಅಗುಳಿ ಕುಳಿಯ ಅಂಚಿಗೆ ಉಜ್ಜತೊಡಗುತ್ತದೆ. ಕೈಯಿಂದ ಬೀಗ ತೆಗೆಯುವವರು ಬಾಗಿಲನ್ನು ತುಸು ಎಳೆದು ಹಿಡಿದು ಇದನ್ನು ಸರಿಪಡಿಸಿಕೊಳ್ಳುತ್ತಾರೆ. ಮೋಟಾರಿಗೆ ಆ ಉಪಾಯ ತಿಳಿಯದು, ಅದು ತಿಣುಕುತ್ತ ಬ್ಯಾಟರಿಯನ್ನು ಬೇಗ ಬರಿದುಮಾಡುತ್ತದೆ. ಬೀಗದ ದೋಷವೆಂದು ತೋರುವ ಎಷ್ಟೋ ತೊಂದರೆಗಳನ್ನು ಸರಿಪಡಿಸಬೇಕಾದವರು ನಿಜಕ್ಕೂ ಬಡಗಿಗಳು.

ಬೆರಳಚ್ಚಿನ ವಿಷಯದಲ್ಲಿ ತೊಡಕು ಬೇರೆ ಬಗೆಯದು. ಬೆರಳನ್ನು ಓದುವ ಸಾಧನವು ಎರಡು ಅಚ್ಚುಗಳು ಎಷ್ಟರಮಟ್ಟಿಗೆ ಹೋಲುತ್ತವೆ ಎಂದು ಅಂದಾಜಿಸುತ್ತದೆಯೇ ಹೊರತು ಅವು ಒಂದೇ ಎಂದು ಸಾಧಿಸುವುದಿಲ್ಲ; ಆದ್ದರಿಂದ ಹೋಲಿಕೆಯ ಮಿತಿಯನ್ನು ಬಿಗಿಗೊಳಿಸಿದಷ್ಟೂ ಮನೆಯವರನ್ನೇ ನಿರಾಕರಿಸುವ ಸಂಭವ ಹೆಚ್ಚುತ್ತದೆ, ಸಡಿಲಿಸಿದಷ್ಟೂ ಪರರನ್ನು ಒಪ್ಪುವ ಸಂಭವ ಹೆಚ್ಚುತ್ತದೆ. ಗಾರೆ ಕೆಲಸದವರ, ಹೊಲದಲ್ಲಿ ದುಡಿಯುವವರ, ವೃದ್ಧರ ಬೆರಳ ಗೆರೆಗಳು ಸವೆದಿರುವುದರಿಂದ ನಿರಾಕರಣೆಯ ಕಷ್ಟ ಹೆಚ್ಚಾಗಿ ಬೀಳುವುದು ಅವರ ಮೇಲೆಯೇ.

ಇವೆಲ್ಲಕ್ಕಿಂತ ಗಂಭೀರವಾದ ಸಂಗತಿಯೆಂದರೆ, ಮಾರಾಟವಾದ ಮೇಲೂ ಈ ಬೀಗ ತಯಾರಕರ ಹಿಡಿತದಿಂದ ಪೂರ್ತಿ ಬಿಡಿಸಿಕೊಳ್ಳುವುದಿಲ್ಲ. 2017ರ ಆಗಸ್ಟ್‌ನಲ್ಲಿ ಅಮೆರಿಕದ ಲಾಕ್‌ಸ್ಟೇಟ್ ಎಂಬ ಕಂಪನಿಯು ಬೀಗದೊಳಗಿನ ತಂತ್ರಾಂಶವನ್ನು, ಅಂದರೆ ಅದನ್ನು ನಡೆಸುವ ಸೂಚನೆಗಳ ಕಂತೆಯನ್ನು, ಇಂಟರ್‌ನೆಟ್ ಮೂಲಕ ಹೊಸದುಮಾಡಲು ಹೋಗಿ, ಒಂದು ಮಾದರಿಗೆ ಸಲ್ಲಬೇಕಾದುದನ್ನು ಮತ್ತೊಂದು ಮಾದರಿಗೆ ಕಳುಹಿಸಿತು. ಸುಮಾರು 500 ಬೀಗಗಳು ನಿಷ್ಕ್ರಿಯಗೊಂಡವು. ಅವು ಕಂಪನಿಯೊಡನೆ ಸಂಪರ್ಕವನ್ನೇ ಕಳೆದುಕೊಂಡಿದ್ದರಿಂದ ದೂರದಿಂದ ದುರಸ್ತಿ ಮಾಡುವಂತಿರಲಿಲ್ಲ. ಪ್ರವಾಸಿಗರಿಗೆ ಮನೆ ಬಾಡಿಗೆ ಕೊಡುವ ಏರ್‌ಬಿಎನ್‌ಬಿ ಮಾಲೀಕರೂ ಇದರಿಂದ ಪೇಚಿಗೆ ಸಿಲುಕಿದರು. ಕಳ್ಳತನವಾಗಲಿ ಕಿಡಿಗೇಡಿತನವಾಗಲಿ ಇಲ್ಲದೆಯೇ ನಡೆದ ವೈಫಲ್ಯವಿದು.

ಅದಕ್ಕೆ ಹಿಂದಿನ ವರ್ಷ ಲಾಸ್ ವೇಗಸ್‌ನಲ್ಲಿ ನಡೆದ ಡೆಫ್ ಕಾನ್ ಎಂಬ ಗಣಕ ಭದ್ರತಾ ಸಮ್ಮೇಳನದಲ್ಲಿ ಆಂಥನಿ ರೋಸ್ ಮತ್ತು ಬೆನ್ ರಾಮ್ಸೆ ಅವರು ಬ್ಲೂಟೂತ್‌ನಿಂದ ತೆರೆಯುವ 16 ಬೀಗಗಳನ್ನು ಪರೀಕ್ಷಿಸಿದ ಫಲಿತಾಂಶ ಮಂಡಿಸಿದರು. ಅವುಗಳಲ್ಲಿ 12 ಅವರ ಕೈಗೆ ತೆರೆದುಕೊಂಡಿದ್ದವು. ಕೆಲವಂತೂ ಗುಪ್ತಪದವನ್ನು ಯಾವ ಗೂಢಲಿಪಿಯ ಮರೆಯೂ ಇಲ್ಲದೆ ಗಾಳಿಗೆ ಬಿಡುತ್ತಿದ್ದುದರಿಂದ, ಹತ್ತಿರ ನಿಂತ ಯಾರಾದರೂ ಸೂಕ್ತ ಸಾಧನದಿಂದ ಅದನ್ನು ಹಿಡಿಯಬಹುದಿತ್ತು. ಸಂಶೋಧಕರು ಎಚ್ಚರಿಸಿದ ತಯಾರಕರ ಪೈಕಿ ಉತ್ತರಿಸಿದ್ದು ಒಂದೇ ಕಂಪನಿ. ಅದೂ ದೋಷವನ್ನು ಸರಿಪಡಿಸಲು ಒಪ್ಪಲಿಲ್ಲ. ಮನೆಯೊಂದರ ಭದ್ರತೆಯನ್ನು ಮಾರುವವರಿಗೆ ಇಂಥ ಮೌನ ಸಲ್ಲದು.

ಹಾಗೆಂದು ಸ್ಮಾರ್ಟ್ ಬೀಗವೇ ಬೇಡವೆಂದಲ್ಲ: ಮನೆಗೆಲಸದವರಿಗೆ, ಅತಿಥಿಗಳಿಗೆ ತಾತ್ಕಾಲಿಕ ಗುಪ್ತಸಂಖ್ಯೆ ಕೊಟ್ಟು ಮರುದಿನ ಅಳಿಸುವ ಸೌಕರ್ಯ ಹಳೆಯ ಬೀಗಕ್ಕಿಲ್ಲ. ಆದರೆ ಕೊಳ್ಳುವವರು ಬೆಲೆ, ಬಣ್ಣಗಳಿಗೆ ಮೊದಲು ತಂತ್ರಾಂಶದ ದೋಷಗಳನ್ನು ಎಷ್ಟು ವರ್ಷ ಸರಿಪಡಿಸಿಕೊಡುತ್ತಾರೆ, ಬ್ಯಾಟರಿ ಸತ್ತಾಗ ಹೊರಗಿನಿಂದ ವಿದ್ಯುತ್ ಕೊಡಲು ಜಾಗವಿದೆಯೇ, ಬೆಂಕಿ ಬಿದ್ದಾಗ ಒಳಗಿನ ಹಿಡಿ ವಿದ್ಯುತ್ತಿಲ್ಲದೆಯೂ ತೆರೆಯುತ್ತದೆಯೇ ಎಂದು ಕೇಳಿ ತಿಳಿಯಬೇಕು. ಬೀಗದ ಕೈ ತೂರುವ ರಂಧ್ರವಿಲ್ಲದ ಸ್ಮಾರ್ಟ್ ಬೀಗವನ್ನು ಒಂದೇ ಬಾಗಿಲಿರುವ ಮನೆಗೆ ಹಾಕಿಸದಿರುವುದು ಒಳಿತು. ರಂಧ್ರವಿರುವ ಬೀಗದ ಕೈಯನ್ನೂ ಮನೆಯೊಳಗಿನ ಕಪಾಟಿನಲ್ಲಿಡದೆ ಹತ್ತಿರದ ಬಂಧುಗಳ ಬಳಿ ಕೊಟ್ಟಿರಬೇಕು.